ಸೋಪಿನ ಡಬ್ಬಿಯ ಕೆಂಪು ದೀಪ

"ಕಣ್ಣು ಕಾಣಲ್ವೇನ್ರೀ ನಿಮಗೆ?"

ಪ್ರಶ್ನೆ ಬೀದಿಯ ಈ ತುದಿಯಿಂದ ಆ ತುದಿಗೆ ಕೇಳಿಸಿತು. ಕೇಳಿದವಳು ಈಜು ಟೀಚರ್. ನೀರಿನ ಸದ್ದು, ಸೀಟಿಯ ಸದ್ದು, ಕಲಿಯಲು ಬಂದವರ ಕಿರುಚಾಟ, ಇಷ್ಟನ್ನೂ ದಾಟಿಕೊಂಡು ಹೋಗುವುದು ಅವಳ ಗಂಟಲಿಗೆ ದಿನದ ಕೆಲಸ.

ಸೈಕಲ್ಲಿನ ಹಿಂದೆ ಬಿದ್ದಿದ್ದವನು ಎದ್ದು ಕೂತು ಮೊದಲು ಮಂಡಿ ಮುಟ್ಟಿ ನೋಡಿಕೊಂಡ. ಆಮೇಲೆ ಕೈಯಲ್ಲಿದ್ದ ಫ್ಲಾಸ್ಕನ್ನು ಅಲ್ಲಾಡಿಸಿದ. ಒಳಗೆ ಗಾಜು ಗಲಗಲ ಎಂದಿತು.

"ಕಣ್ಣು... ಚೆನ್ನಾಗಿ... ಕಾಣುತ್ತೆ," ಎಂದ ಅವನು, ಒಂದೊಂದೇ ಪದ ಬಿಡಿಸಿ, ಅವಳಿಗಿಂತಲೂ ಜೋರಾಗಿ. "ನಿಮ್ಮ... ಸೈಕಲ್... ಕಾಣ್ಲಿಲ್ಲ."

ಅವಳ ಮೈಯೆಲ್ಲ ಉರಿಯಿತು. ಬಂದು ಗುದ್ದಿದ್ದಲ್ಲದೆ ಅಣಕಿಸುತ್ತಾನೆ... ಎಂಥ ಮನುಷ್ಯ!

ನಿಜ ಹೇಳಬೇಕೆಂದರೆ ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಕೇಬಲ್ ಹಾಕುತ್ತೇವೆಂದು ಬೀದಿಯನ್ನು ಅಗೆದು, ದೀಪದ ಕಂಬಗಳನ್ನೆಲ್ಲ ಕಿತ್ತು ಮಲಗಿಸಿದ್ದರು. ಅವಳ ಸೈಕಲ್ಲಿಗೆ ಇದ್ದದ್ದು ಅಪ್ಪನ ಕಾಲದ ಡೈನಮೋ ದೀಪ. ಚಕ್ರ ತಿರುಗಿದರೆ ಮಾತ್ರ ಉರಿಯುತ್ತಿತ್ತು. ಮುಂದೆ ಗುಂಡಿ ಇದೆಯೇನೋ ಎಂದು ಅವಳು ನಿಂತಳು, ದೀಪ ಆರಿತು, ಹಿಂದೆ ನಡೆದು ಬರುತ್ತಿದ್ದವನು ನೇರವಾಗಿ ಬಂದು ಅವಳ ಮೇಲೆ ಬಿದ್ದ. ಇಬ್ಬರ ಭಾರಕ್ಕೆ ಸೈಕಲ್ ಜಲ್ಲಿ ರಾಶಿಯ ಮೇಲೆ ಒರಗಿ, ಆ ಹಳೆಯ ದೀಪ ಚೂರಾಯಿತು.

"ನಾನೇನು ಕಿವುಡಿನಾ, ಹೀಗೆ ಬಿಡಿಸಿ ಬಿಡಿಸಿ ಹೇಳೋಕೆ?"

ಅವನು ತಡವರಿಸಿದ. "ಅಯ್ಯೋ, ಕ್ಷಮಿಸಿ. ಕಿವಿಯಂತ್ರ ರಿಪೇರಿ ಮಾಡ್ತೀನಿ. ಬೆಳಗ್ಗಿಂದ ಸಂಜೆವರೆಗೂ ಹೀಗೇ ಮಾತಾಡಿ ಅಭ್ಯಾಸ ಆಗ್ಬಿಟ್ಟಿದೆ."

ಅವಳ ಸಿಟ್ಟು ನಿಂತಲ್ಲೇ ಅರ್ಧಕ್ಕಿಳಿಯಿತು. "ನಾನು ಈಜು ಕಲಿಸ್ತೀನಿ," ಎಂದಳು. "ನನಗೂ ಮೆಲ್ಲಗೆ ಮಾತಾಡೋಕೆ ಬರಲ್ಲ."

"ಗೊತ್ತಾಯ್ತು," ಎಂದ ಅವನು ಕಿವಿ ಉಜ್ಜಿಕೊಳ್ಳುತ್ತ. "ನಾಳೆ ಸೈಕಲ್ ತನ್ನಿ. ನಮ್ಮ ಅಂಗಡಿ ಇದೇ, ಮೇಲ್ಗಡೆ. ದೀಪ ಒಡೆದಿದ್ದು ನಾನು, ನಾನೇ ಮಾಡಿಕೊಡ್ತೀನಿ."

"ಫ್ಲಾಸ್ಕ್ ಒಡೆದಿದ್ದು ನಾನಲ್ವಾ?"

"ಅದು ಅಜ್ಜಿದು. ನೀವು ಅವಳಿಗೆ ಸಿಗದೆ ಇದ್ರೆ ಒಳ್ಳೇದು."

ಮರುದಿನ ಅವಳು ಹೊಸ ಫ್ಲಾಸ್ಕ್ ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳು. ಸೈಕಲ್ಲನ್ನು ಅವನು ಹೆಗಲ ಮೇಲೆ ಹೊತ್ತು ತಂದ.

ಕಿವಿ ಡಾಕ್ಟ್ರು ಎಂದು ಬೀದಿಯವರು ಅವನನ್ನು ಕರೆಯುತ್ತಿದ್ದರು, ಡಾಕ್ಟರಲ್ಲದಿದ್ದರೂ. ಎದುರು ಸಾಲಿನಲ್ಲಿ ಸ್ವಲ್ಪ ಮುಂದೆ ಕನ್ನಡಕದ ಅಂಗಡಿ, ಅದರ ಹಿಂದೆಯೇ ಅಂಗಡಿಯವನ ಮನೆ, ಪಕ್ಕದಲ್ಲಿ ಗೇಟು. ಹೀಗೆ ಬೀದಿಯ ಒಂದು ಬದಿಗೆ ಕಣ್ಣು, ಇನ್ನೊಂದು ಬದಿಗೆ ಕಿವಿ.

ಕಿವಿಯ ಬದಿಯ ಕೋಣೆ ಚಿಕ್ಕದು. ಕಿಟಕಿಗೆ ಹೊಂದಿಸಿದ ಮೇಜು, ಭೂತಗನ್ನಡಿ, ಸೂಜಿಯಂಥ ಬೆಸುಗೆ ಕಡ್ಡಿ, ಗುಂಡಿ ಬ್ಯಾಟರಿಗಳ ಡಬ್ಬಿಗಳು. ಒಳಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಅಜ್ಜಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಮೊಮ್ಮಗ ಮಾಡಿಕೊಟ್ಟ ಯಂತ್ರವನ್ನು ಅವಳು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿರುತ್ತಿದ್ದಳು.

"ಕಿವಿಗೆ ಹಾಕ್ಕೊಳ್ಳಲ್ವಾ ಅಜ್ಜಿ?" ಎಂದು ಟೀಚರ್ ಕೇಳಿದಳು.

"ಬೇಕಾಗಿದ್ದೆಲ್ಲ ಕೇಳಿಸುತ್ತೆ ಕಣಮ್ಮ. ಬೇಡದ್ದು ಕೇಳಿಸ್ಕೊಳ್ಳೋಕೆ ಯಂತ್ರ ಬೇರೆ ಬೇಕಾ?" ಎಂದು ಅಜ್ಜಿ ಫ್ಲಾಸ್ಕಿನ ಮುಚ್ಚಳ ತೆಗೆದು ಒಳಗೆ ನೋಡಿದಳು. ಅವಳ ಗಂಟಲೂ ಏನು ಕಮ್ಮಿಯಿರಲಿಲ್ಲ. "ಈ ಹುಡುಗಿಗೆ ಮದುವೆ ಆಗಿದೆಯೇನೋ?"

"ಅಜ್ಜಿ," ಎಂದ ಅವನು, ಕೆಂಪಾಗಿ.

"ಆಗಿಲ್ಲ ಅಜ್ಜಿ," ಎಂದಳು ಟೀಚರ್, ಕೊಳದ ಆಚೆ ದಡಕ್ಕೆ ಹೇಳುವಂತೆ.

ದಿನಾ ಸಂಜೆ ಕೊಳ ಮುಚ್ಚಿದ ಮೇಲೆ ಅವಳು ಒದ್ದೆ ಕೂದಲಲ್ಲೇ ಬರತೊಡಗಿದಳು. ಅಜ್ಜಿಯ ಹಳೆ ಕಂಬಳಿಯ ಮೇಲೆ ಸೈಕಲ್ ತಲೆಕೆಳಗಾಗಿ ನಿಂತಿರುತ್ತಿತ್ತು. ಅವಳು ಪೆಡಲನ್ನು ಕೈಯಿಂದ ತಿರುಗಿಸುವುದು, ಡೈನಮೋ ಟೈರಿಗೆ ಉಜ್ಜಿಕೊಂಡು ಗುಂಯ್ ಎನ್ನುವುದು, ಅವನು ಬಗ್ಗಿ ತಂತಿ ಹಿಡಿದು ನೋಡುವುದು.

"ಡೈನಮೋದಿಂದ ಬರೋ ಕರೆಂಟಿಗೆ ಒಂದು ದಾರಿ ಅಂತ ಇಲ್ಲ," ಎಂದು ಅವನು ವಿವರಿಸಿದ. "ಮುಂದೆ ಹೋಗುತ್ತೆ, ಹಿಂದೆ ಬರುತ್ತೆ. ಈ ನಾಲ್ಕು ಡಯೋಡ್ ಸೇರಿ ಅದನ್ನ ಒಂದೇ ಕಡೆಗೆ ತಳ್ಳುತ್ವೆ."

"ನನ್ನ ಹೆಂಗಸರ ಥರಾನೇ. ಮೆಟ್ಟಿಲು ಇಳೀತಾರೆ, ಮತ್ತೆ ಹತ್ತುತ್ತಾರೆ. ಹಿಂದಿನಿಂದ ಯಾರಾದ್ರೂ ಬೇಕು."

ಅವಳ ಹೆಂಗಸರು ಎಂದರೆ ಜೀವನದಲ್ಲಿ ಮೊದಲ ಸಲ ನೀರಿಗಿಳಿದ, ಸೊಸೆಯಂದಿರನ್ನು ಕಂಡ ವಯಸ್ಸಿನವರು. ಕೊಳದ ಅಂಚಿನ ಕಂಬಿಯನ್ನು ಬಿಡಲು ಒಬ್ಬರಿಗೂ ಧೈರ್ಯವಿರಲಿಲ್ಲ. ಅವರ ಬಗ್ಗೆ ಮಾತಾಡುವಾಗ ಅವಳ ಮುಖ ಬೇರೆಯೇ ಆಗುತ್ತದೆಂದು ಅವನು ಗಮನಿಸಿದ.

ಮೊದಲ ದೀಪ ಒಂದು ದಿನವೂ ಬಾಳಲಿಲ್ಲ. ಹಳೆಯ ಟಾರ್ಚಿನ ತಲೆಯೊಳಗೆ ಬಿಳಿ ಎಲ್ಇಡಿ ಕೂರಿಸಿ, ಕಿವಿಯಂತ್ರಕ್ಕೆ ಹಾಕುವ ಕೂದಲೆಳೆಯಂಥ ತಂತಿಯಿಂದಲೇ ಅದಕ್ಕೂ ಬೆಸುಗೆ ಹಾಕಿದ್ದ. ಮೊದಲ ಗುಂಡಿಗೇ ತಂತಿ ತುಂಡಾಯಿತು.

"ಕಿವಿಯೊಳಗೆ ಗುಂಡಿ ಇರಲ್ಲ ನೋಡಿ," ಎಂದ, ತಲೆ ತಗ್ಗಿಸಿ.

ಅವಳು ನಗುತ್ತ ನೆಲದ ಮೇಲೆಯೇ ಕೂತುಬಿಟ್ಟಳು. ನಗು ನಿಂತಾಗ ಅವನು ತನ್ನನ್ನೇ ನೋಡುತ್ತಿದ್ದಾನೆಂದು ತಿಳಿದು, ಸುಮ್ಮನೆ ಪೆಡಲ್ ತಿರುಗಿಸಿದಳು. ದಪ್ಪ ತಂತಿ ಹಾಕಿದ್ದ ದೀಪ ಝಗ್ಗನೆ ಹೊತ್ತಿ ಬೆಳಕು ಅಜ್ಜಿಯ ಮುಖಕ್ಕೆ ಬಿತ್ತು.

"ಯಾರೋ ಅದು ನನಗೆ ಟಾರ್ಚ್ ಬಿಡೋದು?"

ಹಿಂದಿನ ದೀಪಕ್ಕೆ ಕೆಂಪು ಗಾಜು ಸಿಗಲಿಲ್ಲ. ಅವಳು ತನ್ನ ಈಜಿನ ಚೀಲದಿಂದ ಕೆಂಪು ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿ ತೆಗೆದುಕೊಟ್ಟಳು. ಅವನು ಅದರೊಳಗೆ ಪುಟ್ಟ ದೀಪ ಕೂರಿಸಿ, ಅಂಟು ಹಾಕಿ ಮುಚ್ಚಿ, ಸೀಟಿನ ಹಿಂದಿನ ಕ್ಯಾರಿಯರ್ ಕೆಳಗೆ ಬಿಗಿಯಲು ಹೊರಟ.

"ಇರಿ," ಎಂದು ಅವಳು ಡಬ್ಬಿ ಕಿತ್ತುಕೊಂಡು ಬಕೆಟ್ಟಿನಲ್ಲಿ ಮುಳುಗಿಸಿದಳು. ಒಂದು ಮೂಲೆಯಿಂದ ಗುಳ್ಳೆಗಳು ಎದ್ದವು. "ನೋಡಿ, ಇದಕ್ಕೆ ಇನ್ನೂ ಉಸಿರು ಹಿಡಿಯೋಕೆ ಬರಲ್ಲ. ಮಳೆಗೆ ಸತ್ತೇಹೋಗುತ್ತೆ."

ಮತ್ತೆ ಅಂಟು, ಮತ್ತೆ ಬಕೆಟ್ಟು. ಗುಳ್ಳೆ ನಿಂತಾಗ ಇಬ್ಬರ ಕೈಯೂ ನೀರಿನೊಳಗೇ ಇತ್ತು. ಯಾರೂ ಬೇಗ ತೆಗೆಯಲಿಲ್ಲ. ಅಜ್ಜಿ ಕಣ್ಣು ಮುಚ್ಚಿ ನಿದ್ದೆ ಬಂದವಳಂತೆ ಕೂತಳು.

ಒಂದು ಸಂಜೆ ಕೆಲಸವೆಲ್ಲ ಮುಗಿಯಿತು. ಅವಳಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ನಾಳೆಯಿಂದ ಯಾವ ನೆಪ?

"ಇನ್ನೊಂದು ಬಾಕಿ ಇದೆ," ಎಂದ ಅವನು ಆಗ. "ನಿಂತಾಗ ಆರಿಹೋಗುತ್ತಲ್ಲ, ಅದಕ್ಕೊಂದು ದೊಡ್ಡ ಕೆಪಾಸಿಟರ್ ಬೇಕು. ಓಡುವಾಗ ಸ್ವಲ್ಪ ಕರೆಂಟ್ ಕೂಡಿಟ್ಟುಕೊಂಡು, ನಿಂತಾಗ ಕೆಲವು ನಿಮಿಷ ದೀಪ ಉರಿಸುತ್ತೆ. ತರಿಸ್ತೀನಿ. ಬಂದ ಮೇಲೆ ಹೇಳ್ತೀನಿ."

"ಬೇಗ ಬರುತ್ತಾ?"

"ತಡ ಆಗಬಹುದು."

"ಪರವಾಗಿಲ್ಲ," ಎಂದಳು. ಮೆಟ್ಟಿಲಿಳಿಯುವಾಗ ಅವಳ ಕಾಲು ನೆಲದ ಮೇಲೆ ಇರಲಿಲ್ಲ.

ಆದರೆ ದಿನಗಳು ಉರುಳಿದವು, ಕರೆ ಬರಲಿಲ್ಲ. ತಾನಾಗಿಯೇ ಹೋಗಿ ಕೇಳಿದರೆ ಏನೆಂದುಕೊಂಡಾರು? ಇಡೀ ಕೊಳವನ್ನು ಒಂದು ಕೂಗಿನಿಂದ ಸುಮ್ಮನಾಗಿಸುವವಳಿಗೆ ಆ ಮೆಟ್ಟಿಲು ಹತ್ತುವ ಧೈರ್ಯ ಬರಲಿಲ್ಲ. ಬದಲಿಗೆ ಒಂದು ಹುಚ್ಚು ಅಭ್ಯಾಸ ಶುರುವಾಯಿತು. ಮನೆಗೆ ಹೋಗುವಾಗ ಅವನ ಕಟ್ಟಡ ದಾಟಿ ಸ್ವಲ್ಪ ಮುಂದೆ, ಕನ್ನಡಕದವನ ಗೇಟಿನ ಎದುರು ಸೈಕಲ್ ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ ತಿರುಗಿ ನೋಡುತ್ತಿದ್ದಳು. ಅವನ ಕಿಟಕಿಯ ಕೆಳಗೇ ನಿಂತರೆ ಸಜ್ಜಾ ಅಡ್ಡ ಬರುತ್ತಿತ್ತು. ಗೇಟಿನ ಮುಂದಿನಿಂದ ಮಾತ್ರ ಕಿಟಕಿ ಪೂರ್ತಿ ಕಾಣುತ್ತಿತ್ತು. ಮೇಜಿನ ದೀಪ, ಬಗ್ಗಿದ ತಲೆ... ಅಷ್ಟೇ. ಅಷ್ಟನ್ನು ನೋಡಿಕೊಂಡು ಹೋದರೆ ಅವಳಿಗೆ ಊಟ ಸೇರುತ್ತಿತ್ತು.

ಇನ್ನು ಅವನ ಕಡೆಯ ಸಂಗತಿ. ಕೆಪಾಸಿಟರ್ ಬಂದು ಬಹಳ ದಿನವಾಗಿತ್ತು. ಹಾಕಿಬಿಟ್ಟರೆ ಅವಳು ಬರಲು ಮತ್ತೇನೂ ಉಳಿಯುವುದಿಲ್ಲವೆಂದು ಅದನ್ನು ಡ್ರಾಯರಿನಲ್ಲಿ ಇಟ್ಟು, ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ದಿನ ತಳ್ಳುತ್ತಿದ್ದ. ಪ್ರತಿ ಸಂಜೆ ಆ ಬಿಳಿ ಬೆಳಕು ಬೀದಿಗುಂಟ ಬರುವುದನ್ನು ಕಿಟಕಿಯಿಂದ ನೋಡುತ್ತಿದ್ದ. ತಾನೇ ಮಾಡಿದ ದೀಪ, ಸಾವಿರದಲ್ಲಿದ್ದರೂ ಗುರುತು ಸಿಗುತ್ತಿತ್ತು. ಅದು ಅವನ ಕಟ್ಟಡ ದಾಟಿ ಹೋಗಿ ಕನ್ನಡಕದವನ ಗೇಟಿನ ಮುಂದೆ ಆರಿಹೋಗುತ್ತಿತ್ತು.

ದಿನವೂ, ಅದೇ ಗೇಟಿನ ಮುಂದೆ.

ಬೆಳಕಿನ ಕೋಣೆಯಲ್ಲಿ ಕೂತವನಿಗೆ ಕತ್ತಲ ಬೀದಿಯಲ್ಲಿ ನಿಂತವಳು ಕಾಣುವುದಿಲ್ಲ. ಅವನಿಗೆ ಕಂಡದ್ದು ಆರಿದ ದೀಪ ಮಾತ್ರ. ಒಳಗೆ ಹೋದಳು ಎಂದುಕೊಂಡ. ಕನ್ನಡಕದವನು ನೋಡಲು ಚೆನ್ನಾಗಿದ್ದ, ಮೆಲ್ಲಗೆ ಮಾತಾಡುತ್ತಿದ್ದ, ಅವನಿಗೂ ಮದುವೆಯಾಗಿರಲಿಲ್ಲ. ಒಂದು ದಿನ ಆ ಅಂಗಡಿಯಲ್ಲಿ ಅವಳು ಹೊಟ್ಟೆ ಹಿಡಿದು ನಗುವುದನ್ನೂ ಕಂಡ. ಈಜುಕನ್ನಡಕದ ರಬ್ಬರು ಬದಲಿಸಲು ಹೋಗಿದ್ದಳು, "ಎದುರುಗಡೆ ಡಾಕ್ಟ್ರು ನನಗೂ ಕೂಗಿ ಕೂಗಿ ಹೇಳ್ತಾರೆ, ನನ್ನ ಕಿವಿಗೇನಾಗಿದೆ ಮೇಡಂ?" ಎಂದು ಅಂಗಡಿಯವನು ದೂರಿದ್ದಕ್ಕೆ ನಕ್ಕಿದ್ದಳು. ಆ ನಗು ತನ್ನದೇ ಸ್ವತ್ತು ಎಂದು ಕಿಟಕಿಯಲ್ಲಿದ್ದವನಿಗೆ ಹೇಳುವವರು ಯಾರು? ಅಂದಿನಿಂದ ಅವನು ಬೆಳಕು ಆರಿದ ಕೂಡಲೇ ಮುಖ ತಿರುಗಿಸಿ ಮೇಜಿಗೆ ಬಗ್ಗುತ್ತಿದ್ದ. ಹೊಟ್ಟೆಯೊಳಗೆ ಬೆಂಕಿ, ಕೈಯಲ್ಲಿ ಬೆಸುಗೆ ಕಡ್ಡಿ.

ಇದರ ನಡುವೆ ಅವಳಿಗೆ ಬೇರೆ ಊರಿನಿಂದ ಕರೆ ಬಂತು. ಹೊಸ ಈಜುಕೊಳ, ಮುಖ್ಯ ತರಬೇತುದಾರಳ ಕೆಲಸ, ಇರಲು ಮನೆ.

"ಒಪ್ಪಿಕೊಳ್ಳೇ," ಎಂದಳು ಅಕ್ಕ. ಅಕ್ಕ ಭಾವನ ಮನೆಯಲ್ಲೇ ಅವಳ ವಾಸ. "ಇಲ್ಲಿ ನಿನ್ನ ಹಿಡಿದಿಡೋಂಥದ್ದು ಏನಿದೆ?"

"ನನ್ನ ಹೆಂಗಸರು ಇನ್ನೂ ಕಂಬಿ ಬಿಟ್ಟಿಲ್ಲ ಅಕ್ಕ."

"ಅದೊಂದೇನಾ?"

"ಅದೂ ಇದೆ... ಬೇರೆನೂ ಇರಬಹುದು."

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ. ಇದ್ರೆ ಇದೆ ಅನ್ನು, ಇಲ್ದಿದ್ರೆ ಪೆಟ್ಟಿಗೆ ಕಟ್ಟು."

ಇದೆಯೋ ಇಲ್ಲವೋ ತಿಳಿಯಲು ಒಂದೇ ದಾರಿ ಇತ್ತು. ಅವಳು ಮರುದಿನ ಸೈಕಲ್ ಹೊತ್ತುಕೊಂಡೇ ಮೇಲೆ ಹೋದಳು. ಹಿಂದಿನ ದೀಪದ ತಂತಿ ಸಡಿಲವಾಗಿದೆ ಎಂದಳು. ಆ ತಂತಿಯನ್ನು ಕೆಳಗೆ ನಿಂತು ಸಡಿಲ ಮಾಡಿದವಳು ತಾನೇ ಎಂದು ಹೇಳಲಿಲ್ಲ.

"ಆ ಕೆಪಾಸಿಟರ್ ಬಂತಾ?"

"ಇಲ್ಲ," ಎಂದ ಅವನು, ಡ್ರಾಯರಿನ ಕಡೆ ನೋಡದೆ.

"ನನಗೆ ಬೇರೆ ಊರಲ್ಲಿ ಕೆಲಸ ಸಿಕ್ಕಿದೆ. ದೊಡ್ಡ ಕೊಳ. ಸೋಮವಾರ ಉತ್ತರ ಹೇಳಬೇಕು."

ಅವನ ಕೈ ನಿಂತಿತು. ಬೇಡ ಅನ್ನಿ, ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಒಂದೇ ಒಂದು ಸಲ... ನಿಮ್ಮ ಆ ಜೋರು ಧ್ವನಿಯಲ್ಲೇ ಅನ್ನಿ.

"ಒಳ್ಳೇದಾಯ್ತು," ಎಂದ ಅವನು. "ಹೋಗಿ. ಅದನ್ನ ಹೇಳಬೇಕಾದೋರಿಗೆ ಹೇಳಿದೀರಿ ತಾನೇ?"

"ಹೇಳಬೇಕಾದೋರಿಗೆ ಈಗಷ್ಟೇ ಹೇಳಿದೆ," ಎಂದು ಹೇಳಿ, ಕಣ್ಣು ತುಂಬುವ ಮೊದಲು ಅವಳು ಕೆಳಗಿಳಿದಳು. ಸೈಕಲ್ ಅಲ್ಲೇ ಉಳಿಯಿತು. ಅವಳ ಕೊನೆಯ ಮಾತನ್ನು ಅವನು ಅಕ್ಕನಿಗೋ ಕನ್ನಡಕದವನಿಗೋ ಹಚ್ಚಿಕೊಂಡ. ಊರಿನ ಕಿವಿಗಳನ್ನೆಲ್ಲ ಸರಿಮಾಡುವವನು ಸ್ವಂತ ಕಿವಿಗೆ ಬಿದ್ದದ್ದನ್ನು ಕೇಳಿಸಿಕೊಳ್ಳಲಿಲ್ಲ.

ಅವಳು ಹೋದ ಮೇಲೆ ಅವನು ಡ್ರಾಯರ್ ಎಳೆದ. ಹೊಸ ಊರಿನಲ್ಲೂ ಗುಂಡಿಗಳಿರುತ್ತವೆ, ಅವಳು ನಿಲ್ಲುತ್ತಾಳೆ, ಯಾರೋ ಹಿಂದಿನಿಂದ ಬಂದು ಗುದ್ದುತ್ತಾರೆ. ಸೋಪಿನ ಡಬ್ಬಿ ಬಿಚ್ಚಿ ಕೆಪಾಸಿಟರ್ ಕೂರಿಸಿದ. ಇದ್ದದ್ದು ಒಂದೇ, ಅದು ಹಿಂದಿನ ದೀಪಕ್ಕೇ ಹೋಯಿತು. ಬಕೆಟ್ಟಿನಲ್ಲಿ ಮುಳುಗಿಸಿ ಗುಳ್ಳೆ ಬರುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಭಾನುವಾರ ಬೆಳಿಗ್ಗೆ ಸೈಕಲ್ಲನ್ನು ಕೊಳದ ಬಾಗಿಲಿಗೆ ತಲುಪಿಸಿ ಬಂದ. ಬಂದಿಲ್ಲ ಎಂದು ಸುಳ್ಳು ಹೇಳಿದ್ದವನು ಈಗ ಬಂತು ಎನ್ನುವುದು ಹೇಗೆ? ಹಾಗಾಗಿ ಯಾರಿಗೂ ಏನೂ ಹೇಳಲಿಲ್ಲ.

ಅಂದು ಸಂಜೆ ಅವಳು ಕೊಳದಿಂದ ಹೊರಟಾಗ ಕತ್ತಲಾಗಿತ್ತು. ನಾಳೆ ಹೂಂ ಎಂದು ಹೇಳುವುದೆಂದು ತೀರ್ಮಾನಿಸಿಯಾಗಿತ್ತು. ಇವತ್ತೊಂದು ದಿನ ನಿಂತು ನೋಡಿ ಹೋಗುವುದು, ಅಲ್ಲಿಗೆ ಮುಗಿಯಿತು. ಗೇಟಿನ ಮುಂದೆ ಕಾಲೂರಿದಳು. ಎಂದಿನಂತೆ ಮುಂದಿನ ದೀಪ ಆರಿತು. ಕ್ಯಾರಿಯರಿನಿಂದ ಇಳಿಬಿದ್ದ ಚೀಲದ ಕೆಳಗೆ, ಬೆನ್ನ ಹಿಂದೆ, ಸೋಪಿನ ಡಬ್ಬಿ ಕೆಂಪಗೆ ಉರಿಯುತ್ತಲೇ ಇದ್ದದ್ದು ಕಿಟಕಿಯನ್ನೇ ನೋಡುತ್ತಿದ್ದ ಅವಳಿಗೆ ತಿಳಿಯಲಿಲ್ಲ.

ಮೇಲಿದ್ದವನಿಗೆ ತಿಳಿಯಿತು.

ಮೊದಲು ಅವನು ಕೆಲಸಗಾರನ ಕಣ್ಣಿನಿಂದಲೇ ನೋಡಿದ: ಉರಿಯುತ್ತಿದೆ, ಬೆಸುಗೆ ಸರಿಯಾಗಿದೆ. ಈಗ ಅದು ಗೇಟಿನೊಳಗೆ ಹೋಗಬೇಕು ಎಂದುಕೊಂಡ. ಹೋಗಲಿಲ್ಲ. ಕೆಂಪು ಚುಕ್ಕೆ ಬೀದಿಯಲ್ಲೇ ನಿಂತಿತ್ತು. ಒಮ್ಮೆ ಮರೆಯಾಯಿತು, ಮತ್ತೆ ಕಂಡಿತು. ಯಾರೋ ಅದರ ಮುಂದೆ ಕಾಲು ಬದಲಿಸಿದ್ದರು. ಒಳಗೆ ಹೋಗುವವರು ಹೊರಗೆ ಕಾಲು ಬದಲಿಸುತ್ತ ಯಾಕೆ ನಿಲ್ಲುತ್ತಾರೆ?

ಹೊರಗಿನದು ಸರಿಯಾಗಿ ಕಾಣಲೆಂದು ಅವನು ಮೇಜಿನ ದೀಪ ಆರಿಸಿದ.

ಕೆಳಗೆ ನಿಂತವಳಿಗೆ ಕಂಡದ್ದು ಕಪ್ಪಾದ ಕಿಟಕಿ. ಅದೇ ಉತ್ತರ ಎಂದುಕೊಂಡಳು. ಇಷ್ಟೇ, ಇನ್ನೇನು... ಎನ್ನುತ್ತ ಪೆಡಲ್ ತುಳಿದಳು. ಮುಂದಿನ ದೀಪ ಹೊತ್ತಿಕೊಂಡಿತು.

ಮೇಲಿನವನಿಗೆ ಕಂಡದ್ದು, ಕತ್ತಲಿಗೆ ಕಣ್ಣು ಹೊಂದಿಕೊಂಡ ಕ್ಷಣದಲ್ಲಿ, ತನ್ನ ಕಿಟಕಿಯ ಕಡೆಗೇ ಎತ್ತಿದ ಒಂದು ಮುಖ. ಅದು ತಿರುಗಿ ಹೊರಟಿತು.

"ನಿಲ್ಲಿ!"

ಬೀದಿಯೇ ನಿಂತಿತು. ಚಪ್ಪಲಿ ಹಾಕಿಕೊಳ್ಳದೆ ಅವನು ಮೆಟ್ಟಿಲಿಳಿದು ಜಲ್ಲಿಯ ಮೇಲೆ ಓಡಿದ. ಅವಳು ಬ್ರೇಕ್ ಹಿಡಿದು ತಿರುಗಿದಳು.

"ದಿನಾ... ಇಲ್ಲೇ ನಿಲ್ತಿದ್ರಾ?" ಎಂದು ಏದುಸಿರು ಬಿಡುತ್ತ ಕೇಳಿದ.

ಅವಳು ಸಿಕ್ಕಿಬಿದ್ದಳು. "ಯಾರು ಹೇಳಿದ್ದು?"

"ನಿಮ್ಮ ಸೋಪಿನ ಡಬ್ಬಿ."

ಅವಳು ಬಗ್ಗಿ ನೋಡಿದಳು. ನಿಂತ ಸೈಕಲ್ಲಿನ ಹಿಂದೆ ಕೆಂಪು ದೀಪ ಹಾಯಾಗಿ ಉರಿಯುತ್ತಿತ್ತು.

"ಬಂದಿಲ್ಲ ಅಂದ್ರಲ್ಲ!"

"ಬಂದು ತುಂಬಾ ದಿನ ಆಗಿತ್ತು. ಹಾಕಿಬಿಟ್ರೆ ನೀವು ಮೇಲೆ ಬರೋದು ನಿಂತುಹೋಗುತ್ತೆ ಅಂತ ಇಟ್ಕೊಂಡಿದ್ದೆ. ಆಮೇಲೆ..." ಅವನು ಗೇಟಿನ ಕಡೆ ನೋಡಿದ. "ನೀವು ಬರೋದು ಇಲ್ಲಿಗೆ ಅಂದ್ಕೊಂಡೆ."

"ಕನ್ನಡಕದವರ ಮನೆಗಾ?" ಅವಳಿಗೆ ನಗು ಬಂತು, ಜೊತೆಗೆ ಅಳುವೂ ಬಂತು. "ಅಲ್ಲಿ ಕೆಳಗೆ ನಿಂತ್ರೆ ನಿಮ್ಮ ಸಜ್ಜಾ ಅಡ್ಡ ಬರುತ್ತೆ ಕಣ್ರೀ. ನಿಮ್ಮ ಕಿಟಕಿ ಕಾಣೋದು ಇಲ್ಲಿಂದ ಮಾತ್ರ."

ಅವನು ತಿರುಗಿ ತನ್ನ ಕಿಟಕಿಯ ಕಡೆ ನೋಡಿದ.

"ಹೋಗಿ ಅಂದುಬಿಟ್ರಿ ಅವತ್ತು. ಎಷ್ಟು ನೋವಾಯ್ತು ಗೊತ್ತಾ?"

"ನಿಮ್ಮ ನೋವು ಗೊತ್ತಾಗಲಿಲ್ಲ," ಎಂದ ಅವನು. "ನನಗೆ ಆಗಿದ್ದು ಗೊತ್ತು."

ಅವಳು ಹ್ಯಾಂಡಲ್ ಮೇಲಿನ ಕೈ ಬಿಗಿ ಮಾಡಿದಳು. "ನಾಳೆ ಉತ್ತರ ಹೇಳಬೇಕು. ನನಗೂ ಹೋಗೋಕೆ ಮನಸ್ಸಿಲ್ಲ, ನನ್ನ ಹೆಂಗಸರನ್ನ ನಡುನೀರಲ್ಲಿ ಬಿಡೋಕಾಗಲ್ಲ. ಆದ್ರೂ... ಯಾರಾದ್ರೂ ಒಬ್ಬರು ಬೇಡ ಅನ್ನಲಿ ಅಂತ ಆಸೆ ಇತ್ತು."

ಅವನು ಹತ್ತಿರ ಬಂದು ಏನೋ ಹೇಳಿದ. ಹುಟ್ಟಿದಾಗಿನಿಂದ ಅಷ್ಟು ಮೆಲ್ಲಗೆ ಅವನು ಮಾತಾಡಿರಲಿಲ್ಲ.

"ಕೇಳಿಸ್ಲಿಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ. ಕಿವೀಲಿ ನೀರಿದೆ."

ಅವನು ಉಸಿರು ತುಂಬಿಕೊಂಡ. ಅವನಿಗೆ ಚೆನ್ನಾಗಿ ಬರುತ್ತಿದ್ದದ್ದು ಅದೊಂದೇ ರೀತಿ.

"ಹೋಗ... ಬೇಡಿ! ನೀವಂದ್ರೆ... ನನಗೆ... ತುಂಬಾ... ಇಷ್ಟ!"

ಕನ್ನಡಕದವನ ಮನೆಯ ಕಿಟಕಿ ತೆರೆದುಕೊಂಡಿತು. ಮೇಲಿನಿಂದ ಅಜ್ಜಿಯ ಧ್ವನಿ ಬಂತು: "ಮೆಲ್ಲಗೆ ಹೇಳೋ! ಯಂತ್ರ ಇಲ್ದೆ ನನಗೇ ಕೇಳಿಸ್ತು."

ಅವಳು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಕೈ ತೆಗೆದಾಗ ಅವಳ ಧ್ವನಿ ಕೊಳದ ಧ್ವನಿಯಾಗಿರಲಿಲ್ಲ. "ನನಗೂ," ಎಂದಳು. ಅದು ಅವನೊಬ್ಬನಿಗೆ ಮಾತ್ರ ಕೇಳಿಸಿತು.

ಕೆಂಪು ದೀಪ ಮಂಕಾಗತೊಡಗಿತು.

"ಆರಿಹೋಗ್ತಾ ಇದೆ ನೋಡಿ," ಎಂದಳು.

"ಕೂಡಿಟ್ಟಿದ್ದು ಮುಗೀತು. ಚಕ್ರ ತಿರುಗಿದ್ರೆ ಮತ್ತೆ ತುಂಬಿಕೊಳ್ಳುತ್ತೆ."

ಅವಳು ಸೀಟಿನಿಂದ ಇಳಿದು ಸೈಕಲ್ ತಳ್ಳತೊಡಗಿದಳು. ಅವನು ಇನ್ನೊಂದು ಬದಿಯಿಂದ ಹ್ಯಾಂಡಲ್ ಹಿಡಿದ. ನಡಿಗೆಯ ವೇಗಕ್ಕೆ ಡೈನಮೋ ಗೊಣಗಿ, ಮುಂದಿನ ದೀಪ ಮಿಣಿಮಿಣಿ ಎಂದಿತು.

"ಮೆಲ್ಲಗೆ ನಡೆದ್ರೆ ಬೆಳಕು ಕಮ್ಮಿ ಬರುತ್ತೆ," ಎಂದ.

"ಬರಲಿ ಬಿಡಿ. ಜೋರಾಗಿ ನಡೆದ್ರೆ ಮನೆ ಬೇಗ ಬಂದುಬಿಡುತ್ತೆ."